ಅರ್ಜಿ ಹಾಕದವರಿಗೆ ಅಡ್ಡಿಯಿಲ್ಲ

ಗುಟ್ಟಿನ ಕೆಲಸಕ್ಕೆ ಜನ ಬೇಕಾದರೆ ಏನು ಮಾಡಬೇಕು? ಊರಿಗೆಲ್ಲ ಕೇಳುವಂತೆ ಡಂಗುರ ಸಾರಬೇಕು. 2008ರಲ್ಲಿ ಅಮೆರಿಕದ ವಾಯುಪಡೆ ಮಾಡಿದ್ದೂ ಇದನ್ನೇ. ದೂರದ ಯಾವ ಕಂಪ್ಯೂಟರ್‌ಗಾದರೂ ನುಗ್ಗಿ, ಸುಳಿವು ಕೊಡದೆ ಅಲ್ಲೇ ಅಡಗಿದ್ದು, ಮಾಹಿತಿ ಹೊತ್ತು ತರುವ ವಿದ್ಯೆ ಬೇಕಾಗಿದೆ, ಸುಮಾರು 1.1 ಕೋಟಿ ಡಾಲರ್ ಇದೆ, ಪ್ರಸ್ತಾವ ಕಳಿಸಿ ಎಂದು ಬಹಿರಂಗವಾಗಿಯೇ ಪ್ರಕಟಿಸಿತು. ಕರೆದದ್ದು ನ್ಯೂಯಾರ್ಕ್ ರಾಜ್ಯದ ರೋಮ್ ಊರಿನಲ್ಲಿರುವ ಅದರ ಪ್ರಯೋಗಾಲಯ.

ಆ ವಿದ್ಯೆ ಈ ಪ್ರಯೋಗಾಲಯಕ್ಕೆ ಹೊಸದೇನಲ್ಲ. 1994ರಲ್ಲಿ ಇಂಗ್ಲೆಂಡಿನ 16 ವರ್ಷದ ಹುಡುಗನೊಬ್ಬ ಮನೆಯಲ್ಲೇ ಕೂತು ಇಲ್ಲಿನ ಕಂಪ್ಯೂಟರುಗಳಿಗೆ ನುಗ್ಗಿದ್ದ. ಪ್ರಸ್ತಾವ ಬರೆದಿರಲಿಲ್ಲ. ಬಜೆಟ್ ಕೇಳಿರಲಿಲ್ಲ. ಪ್ರಗತಿ ವರದಿ ಕೊಡುವ ತಾಪತ್ರಯವೂ ಇರಲಿಲ್ಲ.

ಮುಂಬಾಗಿಲಿಂದ ಬರುವವರ ಪಾಡೇ ಬೇರೆ. ರಹಸ್ಯ ಸಂಶೋಧನೆ ಮಾಡಲು ಕಂಪನಿಗೆ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಮಾಹಿತಿ ಮುಟ್ಟಲು ಸರ್ಕಾರದ ಅನುಮತಿ, ಬೇಕು. ಅದಕ್ಕೆ ಕಂಪನಿ ತಾನೇ ಅರ್ಜಿ ಹಾಕುವಂತಿಲ್ಲ. ಸರ್ಕಾರದ ಇಲಾಖೆಯೋ, ಆಗಲೇ ಕ್ಲಿಯರೆನ್ಸ್ ಇರುವ ಕಂಪನಿಯೋ ಶಿಫಾರಸು ಮಾಡಬೇಕು. ಶಿಫಾರಸು ಯಾವಾಗ ಸಿಗುತ್ತದೆ? ಕೈಯಲ್ಲಿ ರಹಸ್ಯ ಕೆಲಸ ಇದ್ದರೆ. ಕೆಲಸ ಯಾವಾಗ ಸಿಗುತ್ತದೆ? ಸಾಮಾನ್ಯವಾಗಿ, ಕ್ಲಿಯರೆನ್ಸ್ ಇದ್ದರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಒಮ್ಮೆ ಮಾತ್ರ ಬುದ್ಧಿ ಬಂದಿತ್ತು. 2011ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ, ಹಳೆಯ ಹ್ಯಾಕರ್ ಮಡ್ಜ್ ಅವರ ಕೈಗೆ ಸೈಬರ್ ಫಾಸ್ಟ್ ಟ್ರ್ಯಾಕ್ ಎಂಬ ಯೋಜನೆ ಕೊಟ್ಟಿತು. ಸಣ್ಣ ಪ್ರಸ್ತಾವ, ಸಣ್ಣ ಮೊತ್ತ, ವಾರದೊಳಗೆ ಉತ್ತರ. ಕೆಲಸ ಆಗತೊಡಗಿತು. 2013ರಲ್ಲಿ ಮುಚ್ಚಿದರು.

ಇನ್ನು ರಕ್ಷಣಾ ಇಲಾಖೆಯ ಕೆಲಸ ಮಾಡುವ ಕಂಪನಿಗಳ ಅಂಕಗಳ ವಿಷಯ. ಗುಟ್ಟಲ್ಲದ ಆದರೆ ಜೋಪಾನವಾಗಿ ಇಡಬೇಕಾದ ಮಾಹಿತಿಗೂ 110 ಭದ್ರತಾ ನಿಯಮಗಳಿವೆ. ಎಲ್ಲ ಪಾಲಿಸಿದರೆ 110 ಅಂಕ. ಏನೂ ಪಾಲಿಸದಿದ್ದರೆ ಸೊನ್ನೆ ಅಂದುಕೊಂಡಿರಾ? ಅಲ್ಲ, ಮೈನಸ್ 203! ಸೊನ್ನೆಗಿಂತ ಕೆಳಗೆ ಇಷ್ಟೊಂದು ಜಾಗ ಇದೆಯೆಂದು ಕಂಡುಹಿಡಿದದ್ದೂ ಒಂದು ಸಂಶೋಧನೆಯೇ. ಮೊದಮೊದಲು ಈ ಅಂಕವನ್ನು ಹೆಚ್ಚಿನ ಕಂಪನಿಗಳು ತಮಗೆ ತಾವೇ ಕೊಟ್ಟುಕೊಳ್ಳುತ್ತಿದ್ದವು.

ಕಂಪನಿಯದು ಮುಗಿದರೆ ವ್ಯಕ್ತಿಯ ಕ್ಲಿಯರೆನ್ಸ್ ಸರದಿ. ಸ್ಟ್ಯಾಂಡರ್ಡ್ ಫಾರಂ 86, ನೂರಕ್ಕೂ ಹೆಚ್ಚು ಪುಟ. ಎಲ್ಲೆಲ್ಲಿ ವಾಸವಿದ್ದಿರಿ, ಎಷ್ಟು ಸಾಲ, ಯಾವ ಮಾನಸಿಕ ಕಾಯಿಲೆ, ಯಾವ ಚಟ, ಹೆಂಡತಿಯ ಅಪ್ಪ ಯಾವ ದೇಶದವರು. ಅಮೆರಿಕದ ಪ್ರಜೆಯಾದ ನಮ್ಮ ಕನ್ನಡದ ಎಂಜಿನಿಯರ್ ಇದನ್ನು ತುಂಬಲು ಕೂತರೆ, ಪ್ರತಿ ಭಾನುವಾರ ಫೋನ್ ಮಾಡುವ ದಾವಣಗೆರೆಯ ಸೋದರತ್ತೆಯೂ ವಿದೇಶಿ ಸಂಪರ್ಕ. ಎಷ್ಟು ದಿನಕ್ಕೊಮ್ಮೆ ಮಾತು, ಅತ್ತೆಗೆ ಭಾರತದ ಸರ್ಕಾರದ ನಂಟಿದೆಯೇ ಎಂದೂ ಬರೆಯಬೇಕು. ಅತ್ತೆ ಅಂಗನವಾಡಿ ಟೀಚರ್ ಆಗಿದ್ದರೆ ಏನು ಗತಿ, ಆ ದೇವರೇ ಬಲ್ಲ.

ಹೀಗೆ ಒಬ್ಬೊಬ್ಬರ ಬದುಕನ್ನೂ ಬಗೆದು ತೆಗೆದ ಈ ಫಾರಂಗಳನ್ನು ಸರ್ಕಾರದ ಸಿಬ್ಬಂದಿ ಇಲಾಖೆ, ಅಂದರೆ ಓಪಿಎಂ, ಒಂದೇ ಕಡೆ ಜೋಪಾನವಾಗಿ ಕೂಡಿಟ್ಟಿತ್ತು. 2015ರಲ್ಲಿ ಗೊತ್ತಾಯಿತು: 2.15 ಕೋಟಿ ಜನರ ವಿವರ ಕಳ್ಳರ ಪಾಲಾಗಿದೆ. ಜೊತೆಗೆ 56 ಲಕ್ಷ ಜನರ ಬೆರಳಚ್ಚು. ಯಾರನ್ನು ನಂಬಬಹುದು ಎಂದು ತಿಳಿಯಲು ಕೇಳಿದ್ದ ಪ್ರಶ್ನೆಗಳಿಗೆಲ್ಲ, ಯಾರನ್ನು ನಂಬಬಾರದೋ ಅವರ ಕೈಗೆ ಉತ್ತರ ಸಿಕ್ಕಿತ್ತು. ಸಾಲ, ಚಟ, ಸಂಬಂಧಿಕರು, ಎಲ್ಲ ವಿಂಗಡಿಸಿ, ಸಹಿ ಸಮೇತ.

ಇಲಾಖೆ ಎಚ್ಚೆತ್ತಿತು. ಫಾರಂ ತುಂಬುವ ಆನ್‌ಲೈನ್ ವ್ಯವಸ್ಥೆಯಲ್ಲೂ ದೋಷ ಕಂಡಿತೆಂದು ಜೂನ್ ಕೊನೆಗೆ ಅದನ್ನೇ ಕೆಲವು ವಾರ ಬಂದ್ ಮಾಡಿತು. ಹೊಸದಾಗಿ ಅರ್ಜಿ ಹಾಕುವವರಿಗೆ ಪೇಚಾಟ ಶುರುವಾಯಿತು. ಕದ್ದವರಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ.