ಎಲ್ಲರ ಮುತ್ತಜ್ಜಿಯೂ ರಾಜಕುಮಾರಿ

ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರಿಗೆ ರಾಜನಿರಲಿಲ್ಲ. ಊರೂರಿಗೆ ಸಭೆಯಿತ್ತು, ಸಭೆಗೆ ಹಿರಿಯರಿದ್ದರು, ಯುದ್ಧಕ್ಕೊಬ್ಬ ಶಾಂತಿಗೊಬ್ಬ ನಾಯಕನಿದ್ದ. ಸಿಂಹಾಸನ ಮಾತ್ರ ಎಲ್ಲೂ ಇರಲಿಲ್ಲ. ಆದರೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕು, ಒಬ್ಬ ಮುತ್ತಜ್ಜಿ ಮಾತಿನೊಳಗೆ ಬಂದೇ ಬರುತ್ತಾಳೆ. ಕಪ್ಪು ಜಡೆ, ಎತ್ತರದ ಕೆನ್ನೆಮೂಳೆ. ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಊರು ಗೊತ್ತಿಲ್ಲ. ಚೆರೋಕಿ ರಾಜಕುಮಾರಿ ಎಂಬುದೊಂದು ಮಾತ್ರ ಖಚಿತವಾಗಿ ಗೊತ್ತು.

2020ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಮಂದಿ ತಮ್ಮನ್ನು ಪೂರ್ತಿಯಾಗಿಯೋ ಭಾಗಶಃವೋ ಚೆರೋಕಿ ಎಂದು ಬರೆಸಿಕೊಂಡರು. ಸರ್ಕಾರದ ಮಾನ್ಯತೆ ಇರುವ ಮೂರು ಚೆರೋಕಿ ಸಮುದಾಯಗಳ ಸದಸ್ಯರನ್ನು ಒಟ್ಟು ಸೇರಿಸಿದರೂ ಲೆಕ್ಕ ಐದು ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದವರಲ್ಲಿ ಸಂಬಂಧ ನಿಜವಾಗಿದ್ದೂ ಕಾಗದ ಸಿಗದವರು ಇದ್ದೇ ಇರುತ್ತಾರೆ. ಅವರನ್ನು ನಗುವುದು ನನ್ನ ಉದ್ದೇಶವಲ್ಲ. ಮಿಕ್ಕವರೆಲ್ಲ ಆ ರಾಜಕುಮಾರಿಯ ಸಂತಾನ ಎಂದಿಟ್ಟುಕೊಳ್ಳೋಣ. ಪಾಪ, ಅವಳಿಗೆ ಬಾಣಂತನದಿಂದ ಬಿಡುವೇ ಸಿಕ್ಕಿರಲಿಕ್ಕಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಚೆರೋಕಿಗಳಿಗೆ ಒಮ್ಮೆ ಒಬ್ಬ ‘ಚಕ್ರವರ್ತಿ’ ಇದ್ದ. ಅವನನ್ನು ತಯಾರಿಸಿದವನು ಸ್ಕಾಟ್ಲೆಂಡಿನ ಸರ್ ಅಲೆಕ್ಸಾಂಡರ್ ಕಮಿಂಗ್. 1730ರಲ್ಲಿ ಈತ ಯಾವ ಸರ್ಕಾರದ ಅಪ್ಪಣೆಯೂ ಇಲ್ಲದೆ ಗುಡ್ಡಗಾಡು ಹತ್ತಿಹೋಗಿ ಟೆಲಿಕೊ ಊರಿನ ಮೊಯ್ಟೊಯ್‌ಗೆ ಪಟ್ಟ ಕಟ್ಟಿದ. ಆಮೇಲೆ ಏಳು ಮಂದಿ ಚೆರೋಕಿಗಳನ್ನು ಹಡಗು ಹತ್ತಿಸಿ ಲಂಡನ್ನಿಗೆ ಕರೆದೊಯ್ದು, ಒಂದು ಕಿರೀಟವನ್ನು ಎರಡನೇ ಜಾರ್ಜ್ ದೊರೆಯ ಪಾದದ ಬಳಿ ಇಟ್ಟ. ತಮ್ಮ ಹೆಸರಿನಲ್ಲಿ ಒಂದು ಸಾಮ್ರಾಜ್ಯ ಒಪ್ಪಿಸಲಾಗಿದೆ ಎಂದು ಗುಡ್ಡದ ಮೇಲಿದ್ದ ಉಳಿದ ಊರುಗಳಿಗೆ ತಿಳಿದಿತ್ತೋ ಇಲ್ಲವೋ. ಪಟ್ಟ ಕಟ್ಟಿದ ಕಮಿಂಗ್ ಕೊನೆಗೆ ಸಾಲ ತೀರಿಸಲಾಗದೆ ಲಂಡನ್ನಿನ ಸೆರೆಮನೆ ಸೇರಿದ. ರಾಜಕುಮಾರಿಗೆ ತವರುಮನೆ ಎಂದು ತೋರಿಸಲು ಇರುವುದು ಇದೊಂದೇ ಅರಮನೆ.

ಲಂಡನ್ನಿಗೆ ಹೋದ ಆ ಏಳು ಮಂದಿಯಲ್ಲಿ ಅಟ್ಟಕುಲ್ಲಕುಲ್ಲ ಒಬ್ಬ. ಅವನು ನನ್ಯೇಹಿ ಎಂಬುವಳ ಸೋದರಮಾವ. ಕಟ್ಟುಕತೆ ಬೇಡ, ನಿಜವಾದ ಮುತ್ತಜ್ಜಿ ಬೇಕು ಎನ್ನುವವರಿಗೆ ಇವಳಿದ್ದಾಳೆ. 1755ರ ಟಲಿವಾ ಕಾಳಗದಲ್ಲಿ ಗಂಡ ಸತ್ತಾಗ ತಾನೇ ಕೋವಿ ಹಿಡಿದು ನಿಂತವಳು. ಸಭೆಯಲ್ಲಿ ಮಾತಿನ ಹಕ್ಕು ಪಡೆದವಳು. ಮುಂದೆ ಬ್ರಯಂಟ್ ವಾರ್ಡ್ ಎಂಬ ಬಿಳಿಯ ವ್ಯಾಪಾರಿಯನ್ನು ಮದುವೆಯಾಗಿ ನ್ಯಾನ್ಸಿ ವಾರ್ಡ್ ಎನಿಸಿಕೊಂಡಳು. ಈ ವ್ಯಾಪಾರಿಗಳು ಜಿಂಕೆಯ ಚರ್ಮಕ್ಕಾಗಿ ಗುಡ್ಡ ಹತ್ತಿದವರು. ಚೆರೋಕಿ ಹೆಂಡತಿಯಿದ್ದರೆ ಅವಳ ಕುಲದವರ ರಕ್ಷಣೆ ಇರುತ್ತಿತ್ತು, ಭಾಷೆ ಬರುತ್ತಿತ್ತು, ಚರ್ಮವೂ ಸಿಗುತ್ತಿತ್ತು. ವಾರ್ಡ್‌ಗೆ ದಕ್ಷಿಣ ಕೆರೊಲಿನಾದಲ್ಲಿ ಇನ್ನೊಬ್ಬ ಹೆಂಡತಿಯೂ ಇದ್ದಳು. ಮಗಳು ಹುಟ್ಟಿದ ಮೇಲೆ ಅವನು ಆ ಮನೆಗೇ ಹಿಂತಿರುಗಿದ.

ಮಗಳು ಬೆಟ್ಸಿ ಎಷ್ಟು ಪಾಲು ಚೆರೋಕಿ ಎಂದು ಅವಳ ಊರಿನಲ್ಲಿ ಕೇಳಿದ್ದರೆ ಜನ ನಿಮ್ಮ ಮುಖವನ್ನೇ ನೋಡುತ್ತಿದ್ದರು. ಅಲ್ಲಿದ್ದವು ಏಳು ಕುಲಗಳು: ತೋಳ, ಜಿಂಕೆ, ಹಕ್ಕಿ ಮುಂತಾಗಿ. ಮಗು ತಾಯಿಯ ಕುಲಕ್ಕೆ ಸೇರಿದ್ದು, ಅಲ್ಲಿಗೆ ಮಾತು ಮುಗಿಯಿತು. ಅಪ್ಪ ಆ ಮನೆಗೆ ನೆಂಟ. ಬುದ್ಧಿ ಹೇಳುವ ಯಜಮಾನಿಕೆ ಸೋದರಮಾವನದು. ಅಳಿಯಸಂತಾನದ ಬಳಿಗಳನ್ನು ಬಲ್ಲ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಜಗಲಿಯ ಮೇಲಿನ ಮುತ್ತಜ್ಜಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಕುಲ?’ ಎಂಬುದು. ಕೇಳಿ ನೋಡಿ. ಕಾಫಿ ಆರುತ್ತದೆ, ಉತ್ತರ ಬರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಮುತ್ತಾತ ಚೆರೋಕಿಯಾಗಿದ್ದ ಎಂದು ಎದೆ ತಟ್ಟುವವರು ತೀರ ಅಪರೂಪ. ಬಿಳಿಯ ಗಂಡು ಕಾಡಿನ ರಾಜಕುಮಾರಿಯನ್ನು ವರಿಸಿದರೆ ಅದು ಪ್ರೇಮಕಥೆ; ಚೆರೋಕಿ ಗಂಡು ಬಿಳಿಯ ಅಜ್ಜಿಯ ಮನೆಗೆ ಅಳಿಯನಾಗಿ ಬಂದರೆ ಆ ಕಾಲಕ್ಕೆ ಅದು ಪಂಚಾಯಿತಿ. ವರ್ಜೀನಿಯಾ ರಾಜ್ಯ 1924ರಲ್ಲಿ ಬಿಳಿಯರ ರಕ್ತ ಕೆಡಬಾರದೆಂದು ಕಾನೂನು ಮಾಡಿತು. ಮಾಡುತ್ತಿದ್ದಂತೆಯೇ ಅಲ್ಲಿನ ದೊಡ್ಡ ಮನೆತನಗಳಿಗೆ ಬೆವರಿಳಿಯಿತು. 1614ರಲ್ಲಿ ಜಾನ್ ರಾಲ್ಫ್‌ನನ್ನು ಮದುವೆಯಾದ ಪೊಕಹಾಂಟಸ್ ತಮ್ಮ ಮೂಲಜನನಿ ಎಂದು ಅವರು ತಲೆತಲಾಂತರದಿಂದ ಕೊಚ್ಚಿಕೊಂಡಿದ್ದರಲ್ಲ! ಅವಳು ಚೆರೋಕಿಯಲ್ಲ, ಪೌಹಾಟನ್ ಜನರವಳು, ಆ ಮಾತು ಬೇರೆ. ಕಾನೂನಿಗೆ ಕಿಂಡಿ ಕೊರೆದರು: ಹದಿನಾರನೇ ಒಂದು ಪಾಲಿನವರೆಗೆ ‘ಇಂಡಿಯನ್’ ರಕ್ತ, ಅಂದರೆ ಅಮೆರಿಕದ ಮೂಲನಿವಾಸಿಗಳ ರಕ್ತ, ಇದ್ದರೆ ಅವನು ಬಿಳಿಯನೇ. ಕರಿಯರ ರಕ್ತಕ್ಕೆ ಮಾತ್ರ ಒಂದು ಹನಿಯ ವಿನಾಯಿತಿಯೂ ಇರಲಿಲ್ಲ.

ದುಡ್ಡು ಹಂಚುವ ದಿನ ಬಂದಾಗ ನೆಂಟರು ಹೆಚ್ಚಾಗುವುದು ಎಲ್ಲ ದೇಶದಲ್ಲೂ ಇದ್ದದ್ದೇ. 1838ರಲ್ಲಿ ಸುಮಾರು 16 ಸಾವಿರ ಚೆರೋಕಿಗಳನ್ನು ಬಂದೂಕಿನ ಮುಂದೆ ಪಶ್ಚಿಮಕ್ಕೆ ಅಟ್ಟಲಾಯಿತು. ಶಿಬಿರಗಳಲ್ಲೂ ದಾರಿಯಲ್ಲೂ ಸತ್ತವರು 4 ಸಾವಿರ ಎನ್ನುತ್ತಾರೆ. ಆಗ ಜೊತೆಗೆ ನಡೆಯಲು ರಾಜಕುಮಾರಿಯ ಮೊಮ್ಮಕ್ಕಳು ಯಾರೂ ಮುಂದೆ ಬರಲಿಲ್ಲ. 1906ರ ಹೊತ್ತಿಗೆ ನ್ಯಾಯಾಲಯ ಹತ್ತು ಲಕ್ಷ ಡಾಲರಿಗೂ ಮಿಕ್ಕ ಪರಿಹಾರ ಹಂಚಲು ಹೇಳಿದ್ದೇ ತಡ, ಸುಮಾರು 90 ಸಾವಿರ ಮಂದಿಯ ಹೆಸರಿನಲ್ಲಿ ಅರ್ಜಿ ಬಿದ್ದವು. ಹೆಣ ಹೊರಲು ನಾಲ್ಕು ಹೆಗಲು ಸಿಗದ ಮನೆಗೆ ವೈಕುಂಠ ಸಮಾರಾಧನೆಯ ದಿನ ಊರೇ ಬಂದು ಪಂಕ್ತಿ ಹಿಡಿದ ಹಾಗೆ. ಅಧಿಕಾರಿ ಗಯನ್ ಮಿಲ್ಲರ್ ಸೋಸಿದ ಮೇಲೆ ಎಲೆ ಸಿಕ್ಕಿದ್ದು ಸುಮಾರು 30 ಸಾವಿರ ಮಂದಿಗೆ.

ಈಗ ಮೂರು ಸಮುದಾಯಗಳಲ್ಲಿ ಮೂರು ಲೆಕ್ಕ. ಒಂದಕ್ಕೆ ಕಾಲು ಪಾಲು ರಕ್ತ ಬೇಕು, ಇನ್ನೊಂದಕ್ಕೆ ಹದಿನಾರನೇ ಒಂದು ಸಾಕು, ಮತ್ತೊಂದಕ್ಕೆ ಪಾಲು ಬೇಡ, ನೆಲ ಹಂಚಲೆಂದು ಅಮೆರಿಕ ಸರ್ಕಾರ ನೇಮಿಸಿದ್ದ ಡಾಸ್ ಆಯೋಗದ ಪಟ್ಟಿಯಲ್ಲಿ ಪೂರ್ವಜರ ಹೆಸರಿದ್ದರೆ ಆಯಿತು. ಆ ಪಟ್ಟಿ ಬರೆದ ಗುಮಾಸ್ತರ ಕಣ್ಣು ಬಹಳ ಚುರುಕು. ಮೈಬಣ್ಣ ಕಪ್ಪಾಗಿದ್ದ ಹಲವರನ್ನು, ಅವರ ಅಜ್ಜಿ ನಿಜವಾಗಿ ಚೆರೋಕಿಯಾಗಿದ್ದರೂ, ಬಿಡುಗಡೆಯಾದ ಗುಲಾಮರ ಪಟ್ಟಿಗೆ ಹಾಕಿದರು. ಹೌದು, ಚೆರೋಕಿ ಸಿರಿವಂತರೂ ಗುಲಾಮರನ್ನು ಇಟ್ಟುಕೊಂಡಿದ್ದರು. ಆ ಗುಲಾಮರೂ ಪಶ್ಚಿಮದ ದಾರಿ ನಡೆದರು. 1866ರ ಒಪ್ಪಂದ ಅವರಿಗೆ ಪೌರತ್ವ ಕೊಟ್ಟಿತು, 2007ರ ಮತದಾನ ಅವರ ವಂಶಸ್ಥರಿಂದ ಕಿತ್ತುಕೊಂಡಿತು, 2017ರಲ್ಲಿ ನ್ಯಾಯಾಲಯ ವಾಪಸು ಕೊಡಿಸಿತು. ‘ನಮ್ಮ ಮುತ್ತಜ್ಜಿ ಚೆರೋಕಿ ಯಜಮಾನನ ಮನೆಯಲ್ಲಿ ಗುಲಾಮಳಾಗಿದ್ದಳು’ ಎಂಬ ಮಾತು ಆ ಜಗಲಿಯ ಮೇಲೆ ಕೇಳಿಬರುವುದಿಲ್ಲ.

ಎಂಟನೇ ಒಂದು ಪಾಲಿನ ಚೆರೋಕಿಯೊಬ್ಬ ಹೇಗಿದ್ದ ಎಂದು ನೋಡಬೇಕೇ? ಜಾನ್ ರಾಸ್ ಹಾಗಿದ್ದ. ಅಪ್ಪ ಸ್ಕಾಟ್, ತಾಯಿಯ ಅಪ್ಪನೂ ಸ್ಕಾಟ್. 1828ರಿಂದ ಸಾಯುವವರೆಗೆ, 38 ವರ್ಷ, ಆ ಜನರ ಮುಖ್ಯಸ್ಥನಾಗಿದ್ದ. ಒಕ್ಕಲೆಬ್ಬಿಸುವುದರ ವಿರುದ್ಧ ವಾಷಿಂಗ್ಟನ್ನಿಗೆ ಓಡಾಡಿ 1835ರಲ್ಲಿ ಜಾರ್ಜಿಯಾದ ಮನೆಗೆ ಮರಳಿದರೆ ಒಳಗೆ ಬೇರೆಯವರ ಸಂಸಾರ. ಜಾರ್ಜಿಯಾ ಸರ್ಕಾರ 1832ರಲ್ಲಿ, ಚೆರೋಕಿಗಳು ಇನ್ನೂ ಅಲ್ಲೇ ಉಳುತ್ತಿರುವಾಗಲೇ, ಅವರ ನೆಲವನ್ನು 160 ಎಕರೆಯ ತುಂಡುಗಳಾಗಿ, ಚಿನ್ನ ಇರುವ ಕಡೆ 40 ಎಕರೆಯ ತುಂಡುಗಳಾಗಿ ಕತ್ತರಿಸಿ ಬಿಳಿಯರಿಗೆ ಲಾಟರಿ ಎತ್ತಿತ್ತು. ರಾಸ್‌ನ ಮನೆಯೂ ಯಾರದೋ ಚೀಟಿಗೆ ಬಿದ್ದಿತ್ತು.

ಮುತ್ತಜ್ಜಿಯ ಕಾಗದ ಸಿಗಲಿಲ್ಲವೆಂದು ಕೊರಗುವವರು ಈಗ ಎಂಜಲನ್ನು ಸಣ್ಣ ಕೊಳವೆಗೆ ಉಗಿದು ಪರೀಕ್ಷೆಗೆ ಕಳಿಸುತ್ತಾರೆ. ತಮ್ಮ ಮನೆತನಕ್ಕೂ ಚೆರೋಕಿ ಮೂಲವಿದೆ ಎನ್ನುತ್ತಿದ್ದ ಸೆನೆಟರ್ ಎಲಿಜಬೆತ್ ವಾರೆನ್ 2018ರಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶವನ್ನೇ ಪ್ರಕಟಿಸಿದರು; ಆರರಿಂದ ಹತ್ತು ತಲೆಮಾರಿನ ಹಿಂದೆ ಯಾರೋ ಒಬ್ಬ ಮೂಲನಿವಾಸಿ ಪೂರ್ವಜರು ಇದ್ದಿರಬಹುದು ಎಂಬುದು ಅದರ ಸಾರ. ಮೂರು ಸಮುದಾಯಗಳಲ್ಲಿ ದೊಡ್ಡದಾದ ಚೆರೋಕಿ ನೇಷನ್ ಅದನ್ನು ಒಪ್ಪಲಿಲ್ಲ, ಮರುವರ್ಷ ವಾರೆನ್ ಕ್ಷಮೆ ಕೇಳಿದರು. ಅಷ್ಟೆಲ್ಲ ಕಷ್ಟ ಯಾಕೆ? ಲಾಟರಿಯ ಪಟ್ಟಿಗಳು ಇಂದಿಗೂ ಇವೆ. ಗೆದ್ದವನ ಹೆಸರಿದೆ, ಜಿಲ್ಲೆಯಿದೆ, ತುಂಡಿನ ಸಂಖ್ಯೆಯಿದೆ. ಮುತ್ತಾತ ಅಲ್ಲಿ ಸುಲಭವಾಗಿ ಸಿಕ್ಕಿಬಿಡುತ್ತಾನೆ, ಅದಕ್ಕೆ ಎಂಜಲೂ ಬೇಕಾಗಿಲ್ಲ.