ಹಳೇ ಕಾರಿನ ಹೆಡ್‌ಲೈಟ್: ಬಲ್ಬಿಗೆ ಕೈ ಹಾಕುವ ಮೊದಲು ವೈರು ನೋಡಿ

ಮೊನ್ನೆ ಗೆಳೆಯರೊಬ್ಬರು ತಮ್ಮ ಹಳೇ ಕಾರಿನ ಫೋಟೋ ಕಳಿಸಿದ್ದರು. ದುಂಡನೆಯ ಏಳಿಂಚಿನ ಹೆಡ್‌ಲೈಟ್‌ಗಳಿಗೆ ಹೊಸ ಎಲ್‌ಇಡಿ ಬಲ್ಬು ಹಾಕಿಸಿದ್ದಾರೆ. "ಹೇಗಿದೆ? ಹಗಲಿನ ಹಾಗೆ ಬೆಳಕು!" ಅಂತ ಕೇಳಿದ್ದರು. ಚೆನ್ನಾಗಿದೆ ಅಂತ ಒಂದು ಮಾತು ಬರೆದು ಕೈತೊಳೆದುಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಅದೇ ಕೆಲಸ ನಾನೂ ಮಾಡಿದ್ದೆ, ಮಾಡಿ ಬಿಚ್ಚಿಸಿದ್ದೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಹಳೇ ಕಾರು ಇಟ್ಟುಕೊಂಡವರು ಈ ಗುಂಪಿನಲ್ಲಿ ತುಂಬಾ ಜನ ಇದ್ದೀರಿ.

ನನ್ನ ಕಾರು ಅರವತ್ತರ ದಶಕದ್ದು. ಅದರ ಹೆಡ್‌ಲೈಟು ಮಂದ ಅನ್ನೋದು ನನಗೆ ಮೊದಲಿಂದಲೂ ಗೊತ್ತು. ಹಳೇ ಕಾರು ಅಂದಮೇಲೆ ಹೀಗೇ ಅಂದುಕೊಂಡು ನಿಧಾನವಾಗಿ ಓಡಿಸುತ್ತಿದ್ದೆ. ಒಂದು ರಾತ್ರಿ, ಸಣ್ಣ ಮಳೆ. ಸೈಕಲ್ ತಳ್ಳಿಕೊಂಡು ರಸ್ತೆಯ ಅಂಚಿನಲ್ಲೇ ಹೋಗುತ್ತಿದ್ದ ಒಬ್ಬರು ನನ್ನ ಕಣ್ಣಿಗೆ ಬಿದ್ದಿದ್ದು ಬಾನೆಟ್‌ನ ಮೂಲೆ ಅವರ ಹತ್ತಿರ ಬಂದಮೇಲೆ. ಮೊದಲು ಕಂಡಿದ್ದು ಒದ್ದೆಯಾದ ಮಡ್‌ಗಾರ್ಡಿನ ಮೇಲೆ ಮಿನುಗಿದ ಒಂದು ಗೆರೆ ಅಷ್ಟೆ, ಮನುಷ್ಯ ಕಂಡಿದ್ದು ಆಮೇಲೆ. ಸ್ಟಿಯರಿಂಗ್ ಎಳೆದೆ, ಏನೂ ಆಗಲಿಲ್ಲ. ಅವರು ತಿರುಗಿಯೂ ನೋಡದೆ ಹೋದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರನೇ ವಾರವೇ ಹಳೇ ಸೀಲ್ಡ್ ಬೀಮ್ (ಗಾಜು, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಒಟ್ಟಿಗೆ ಮುಚ್ಚಿ ಬರುವ ಲೈಟು) ತೆಗೆಸಿದೆ. ಎಚ್4 ಅನ್ನೋ ಹ್ಯಾಲೊಜೆನ್ ಬಲ್ಬು ಕೂರುವ ಗಾಜು-ರಿಫ್ಲೆಕ್ಟರ್ ತಂದು, ಅದಕ್ಕೆ ಎಲ್‌ಇಡಿ ಬಲ್ಬು ಹಾಕಿಸಿದೆ. ಸೀಟಿನಲ್ಲಿ ಕೂತು ನೋಡಿದರೆ ಎದುರು ಬೆಳ್ಳಗೆ. ಬಹಳ ಖುಷಿಯಾಯಿತು. ಅದೇ ಸಂಜೆ ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎದುರಿನಿಂದ ಹೇಗೆ ಕಾಣುತ್ತೆ ನೋಡೋಣ ಅಂತ ಮೂವತ್ತು ಹೆಜ್ಜೆ ಮುಂದೆ ಹೋಗಿ ತಿರುಗಿದೆ. ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು.

"ಡಿಪ್ ಹಾಕು" ಅಂತ ಕೂಗಿದೆ, ಬೆಳಕು ತಗ್ಗಿಸು ಅಂತ.

"ಡಿಪ್ಪೇ ಇರೋದು ರೀ" ಅಂದಳು.

ಅಂಗೈ ಅಡ್ಡ ಹಿಡಿದುಕೊಂಡು ಪಕ್ಕಕ್ಕೆ ಬಂದೆ. ಕಾರಿನ ಮುಂದಿದ್ದ ಮರದ ತುದಿ ಎಲೆಯವರೆಗೂ ಬೆಳಕು ಏರಿತ್ತು. ರಸ್ತೆಗೆ ಬೀಳಬೇಕಾದ ಬೆಳಕು ಮರದ ಮೇಲಿದೆ, ಎದುರು ಬರುವವರ ಮುಖದ ಮೇಲಿದೆ. ಆ ಸೈಕಲಿನವರು ಎದುರಿನಿಂದ ಬಂದಿದ್ದರೆ, ನನ್ನ ಬೆಳಕಿಗೇ ಕುರುಡಾಗಿ ಚರಂಡಿಗೆ ಬೀಳುತ್ತಿದ್ದರು.

ಹೀಗೇಕೆ ಆಗುತ್ತದೆ ಅನ್ನೋದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಪ್ಪಾಗುವುದೇ ಇಲ್ಲಿ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ (ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ತಗುಲಿದರೆ ಬಿಸಿಗೆ ಬೇಗ ಕೆಡುತ್ತದೆ). ಒಳಗೆ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ತಂತಿಸುರುಳಿ, ಇವೆ; ಒಂದು ಹೈ ಬೀಮಿಗೆ, ಒಂದು ಡಿಪ್ಪಿಗೆ. ಡಿಪ್ ಫಿಲಮೆಂಟಿನ ಕೆಳಗೆ ಪುಟ್ಟ ದೋಣಿಯಂಥ ಒಂದು ಲೋಹದ ಬಟ್ಟಲು ಇದೆ. ಆ ಬಟ್ಟಲು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಡಿಪ್ ಹಾಕಿದಾಗ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕಷ್ಟೇ ಬೆಳಕು ಬಿದ್ದು, ಅಲ್ಲಿಂದ ಅದು ರಸ್ತೆಯ ಕಡೆಗೆ ಬಾಗುತ್ತದೆ. ಬಟ್ಟಲಿನ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಎದುರಿನವರ ಕಡೆ ಬೆಳಕು ತಗ್ಗಿ, ನಮ್ಮ ಪಕ್ಕದ ರಸ್ತೆಯಂಚಿಗೆ ಕೊಂಚ ಮೇಲೆ ಹೋಗುವುದು ಅದರಿಂದಲೇ. ರಿಫ್ಲೆಕ್ಟರಿನ ಬಾಗು, ಗಾಜಿನ ಮೇಲಿನ ಗೀರುಗಳು, ಎಲ್ಲವೂ ಆ ಕೆಲವೇ ಮಿಲಿಮೀಟರ್ ಉದ್ದದ ಫಿಲಮೆಂಟ್ ಇಂಥಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಅದೇ ಜಾಗಕ್ಕೆ ಪಟ್ಟಿಯ ಎರಡೂ ಬದಿ ಚಿಪ್ ಅಂಟಿಸಿದ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಸರಿಯುತ್ತದೆ. ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ಬೆಳಕಿನ ಮೇಲಂಚು ಕದಡಿಹೋಗುತ್ತದೆ. ಎಷ್ಟು ಲೂಮೆನ್ (ಬೆಳಕಿನ ಅಳತೆ) ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದು ಎಲ್ಲಿ ಬೀಳುತ್ತದೆ ಅಂತ ಯಾರೂ ಬರೆದಿರುವುದಿಲ್ಲ.

ಎಲ್‌ಇಡಿ ಬಿಚ್ಚಿಸಿದೆ. ಇನ್ನೇನು ಮಾಡೋದು ಅಂತ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿದೆ. ವಯಸ್ಸಾದವರು. ಅವರು ಬಲ್ಬಿನ ಮಾತೇ ಎತ್ತಲಿಲ್ಲ. ಹಳೇ ಸೀಲ್ಡ್ ಬೀಮನ್ನೇ ಮತ್ತೆ ಕೂರಿಸಿ, ಇಂಜಿನ್ ಚಾಲೂ ಮಾಡಿ, ಲೈಟ್ ಹಾಕಿ, ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.4 ವೋಲ್ಟ್. ಹೆಡ್‌ಲೈಟಿನ ಎರಡು ಪಿನ್ನುಗಳ ನಡುವೆ 10.8. "ನಿಮ್ಮ ಲೈಟಿಗೆ ಅರ್ಧ ಹೊಟ್ಟೆ ಊಟ ಹಾಕ್ತಿದೀರಲ್ಲ ಸ್ವಾಮಿ, ಅದು ಇನ್ನೆಷ್ಟು ದುಡಿಯುತ್ತೆ" ಅಂದರು.

ಆ ಮಾತು ಲೆಕ್ಕದಲ್ಲೂ ಸರಿ. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ಇಳಿದಷ್ಟೇ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ, ಸುಮಾರು 3.4ನೇ ಘಾತದಲ್ಲಿ. ಎಚ್4 ಬಲ್ಬಿನ ಡಿಪ್ 13.2 ವೋಲ್ಟಿನಲ್ಲಿ ಸುಮಾರು 1000 ಲೂಮೆನ್ ಕೊಡುತ್ತದೆ. ಅದೇ ಬಲ್ಬಿಗೆ 10.8 ವೋಲ್ಟ್ ಸಿಕ್ಕಿದರೆ ಬರುವುದು ಅದರಲ್ಲಿ ಅರ್ಧ. ಬಣ್ಣವೂ ಕೆಂಪಗೆ ತಿರುಗುತ್ತದೆ. ಇಷ್ಟು ವರ್ಷ ಕಾರನ್ನು ತಯಾರಿಸಿದವರನ್ನು ಬೈದುಕೊಂಡಿದ್ದೆ. ಅವರು ಕೊಟ್ಟ ಲೈಟು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಉಳಿದ ವೋಲ್ಟು ಎಲ್ಲಿ ಹೋಗುತ್ತಿತ್ತು? ಡ್ಯಾಶ್‌ಬೋರ್ಡಿನ ಸ್ವಿಚ್ಚು, ಕಾಲಡಿಯ ಡಿಪ್ ಸ್ವಿಚ್ಚು, ನಡುವಿನ ಜೋಡಣೆಗಳು, ಇವುಗಳಲ್ಲಿ. ಅಂದಿನ ವೈರಿಂಗ್‌ನಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿ ಸ್ವಿಚ್ಚಿನ ಮೂಲಕವೇ ಸುತ್ತಿ ಬರುತ್ತದೆ. ಡಿಪ್ ಸ್ವಿಚ್ ಬಿಚ್ಚಿದಾಗ ಒಳಗಿನ ತಾಮ್ರದ ಮೇಲೆ ಕಪ್ಪು ಹೊಪ್ಪಳೆ, ಸುತ್ತಲಿನ ಪ್ಲಾಸ್ಟಿಕ್ ಕಂದಿ ಬಿರುಕು ಬಿಟ್ಟಿತ್ತು. ಗ್ರಿಲ್ಲಿನ ಹಿಂದಿನ ಕನೆಕ್ಟರುಗಳಲ್ಲಿ ಪಾಚಿ ಹಿಡಿದ ಹಾಗೆ ಹಸಿರು. ಅರ್ಥಿಂಗ್ ವೈರನ್ನು, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ವೈರನ್ನು, ಕಾರಿನ ಲೋಹದ ಮೈಗೆ ಬಿಗಿದಿದ್ದ ಸ್ಕ್ರೂ ಬಿಚ್ಚಿದರೆ ಅಡಿಯಲ್ಲಿ ಬಣ್ಣ, ಬಣ್ಣದಡಿ ತುಕ್ಕು. ಎಲ್ಲರೂ ಮರೆಯುವುದು ಈ ಅರ್ಥಿಂಗನ್ನೇ. ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ಲೈಟಿನ ಅರ್ಥ್ ಪಿನ್ನಿಗೂ ಮೀಟರ್ ಹಿಡಿದರೆ ಸೊನ್ನೆಯ ಹತ್ತಿರ ತೋರಿಸಬೇಕು. ನನ್ನದರಲ್ಲಿ 0.9 ತೋರಿಸಿತು. ತುಕ್ಕು ಕೆರೆದು, ಬ್ಯಾಟರಿಯಿಂದಲೇ ಬೇರೆ ಅರ್ಥ್ ವೈರ್ ಎಳೆದೆವು.

ಆಮೇಲೆ ರಿಲೇ, ಅಂದರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಹೈ ಬೀಮಿಗೊಂದು, ಡಿಪ್ಪಿಗೊಂದು. ಹಳೇ ಸ್ವಿಚ್ಚಿಗೆ ಈಗ ರಿಲೇಯನ್ನು ಎಬ್ಬಿಸುವಷ್ಟು ಚೂರು ಕರೆಂಟಿನ ಕೆಲಸ ಅಷ್ಟೇ. ಬಲ್ಬಿನ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ, 2.5 ಚದರ ಮಿಲಿಮೀಟರಿನ ದಪ್ಪ ವೈರಿನಲ್ಲಿ ನೇರ ಲೈಟಿಗೆ ಹೋಗುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ, ಇಲ್ಲದಿದ್ದರೆ ವೈರ್ ಎಲ್ಲಾದರೂ ಉಜ್ಜಿ ಕಾರಿನ ಮೈಗೆ ತಾಗಿದ ದಿನ ಬೆಂಕಿಗೆ ದಾರಿ. ಬಲ್ಬು ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇದ್ದರೆ ಇನ್ನೂ ಒಳ್ಳೆಯದು, ಕತ್ತಲಲ್ಲಿ ಎರಡೂ ಒಟ್ಟಿಗೆ ಆರುವುದಿಲ್ಲ. ಕಾರಿನ ಮೂಲ ವೈರಿಂಗಿನಲ್ಲಿ ಒಂದು ತಂತಿಯನ್ನೂ ಕತ್ತರಿಸಲಿಲ್ಲ. ನಾಳೆ ಯಾರಾದರೂ ಬೇಡವೆಂದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಬಹುದು, ಹಳೇ ಕಾರಿನ ವಿಷಯದಲ್ಲಿ ನನಗೆ ಇದು ಮುಖ್ಯ. ಮತ್ತೆ ಮೀಟರ್ ಹಿಡಿದಾಗ ಲೈಟಿನ ಹತ್ತಿರ 13 ವೋಲ್ಟ್. ಅದೇ ಹಳೇ ಸೀಲ್ಡ್ ಬೀಮ್ ಗುರುತೇ ಸಿಗದಷ್ಟು ಬೆಳಗುತ್ತಿತ್ತು.

ಕೊನೆಗೆ ಎಚ್4 ಕೂಡ ಹಾಕಿದೆ. ಮಾಮೂಲಿ 60/55 ವ್ಯಾಟಿನದು (ಹೈ ಬೀಮಿಗೆ 60, ಡಿಪ್ಪಿಗೆ 55), ಗೀರುಗೀರಿನ ಹಳೇ ಮಾದರಿಯ ಗಾಜಿನೊಳಗೆ. ಗಾಜು ಕೊಳ್ಳುವಾಗ ರಸ್ತೆಯ ಯಾವ ಬದಿಯಲ್ಲಿ ಓಡಿಸುವ ದೇಶಕ್ಕೆ ಮಾಡಿದ್ದು ಅಂತ ನೋಡಲೇಬೇಕು, ತಪ್ಪು ಗಾಜು ತಂದರೆ ಓರೆ ಬೆಳಕು ಎದುರಿನವರ ಕಣ್ಣಿಗೇ ಹೋಗುತ್ತದೆ. 100/90 ವ್ಯಾಟಿನ ಬಲ್ಬು ಹಾಕಿ ಅಂದವರಿದ್ದಾರೆ. ನನ್ನ ಕಾರಿನದು ಲ್ಯೂಕಸ್ ಸಿ40 ಡೈನಮೋ, ಹೆಚ್ಚೆಂದರೆ 22 ಆಂಪ್ ಕೊಡುತ್ತದೆ, ಅದೂ ಇಂಜಿನ್ ಓಡುವಾಗ. ಸುಮ್ಮನೆ ನಿಂತಾಗ ಅದರಿಂದ ಬರುವುದು ಅತ್ಯಲ್ಪ. ಅಂಥದ್ದರಲ್ಲಿ ಹೈ ಬೀಮ್ ಎರಡೇ 15 ಆಂಪಿಗಿಂತ ಹೆಚ್ಚು ನುಂಗಿದರೆ ವೈಪರಿಗೆ, ಇಗ್ನಿಷನ್ನಿಗೆ, ಬ್ಯಾಟರಿಗೆ ಉಳಿಯುವುದೆಷ್ಟು? ಆ ಬಿಸಿಗೆ ರಿಫ್ಲೆಕ್ಟರಿನ ಹೊಳಪೂ ಹೋಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬಂತೂ ಬೇಡವೇ ಬೇಡ, ಆ ಬಣ್ಣ ನಿಮ್ಮ ಬೆಳಕನ್ನೇ ತಿನ್ನುತ್ತದೆ.

ಎಲ್‌ಇಡಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಲ್ಬು ಮಾತ್ರ ಬದಲಿಸದೆ, ತನ್ನದೇ ಲೆನ್ಸಿನೊಂದಿಗೆ ಬರುವ ಏಳಿಂಚಿನ ಪೂರ್ತಿ ಎಲ್‌ಇಡಿ ಲೈಟುಗಳಿವೆ. ಅನುಮೋದನೆಯ ಗುರುತು ಇರುವಂಥವು ಬೆಳಕನ್ನು ಇಡಬೇಕಾದಲ್ಲೇ ಇಡುತ್ತವೆ, ಕರೆಂಟೂ ಕಡಿಮೆ ಸಾಕು, ಡೈನಮೋ ಇರುವ ಕಾರಿಗೆ ಅದು ದೊಡ್ಡ ಅನುಕೂಲವೇ. ದಿನಾ ರಾತ್ರಿ ದೂರ ಓಡಿಸುವವರು ಹಾಕಿಸಿದರೆ ನಾನು ಬೇಡ ಅನ್ನಲಾರೆ. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪ್ಲಸ್ಸನ್ನೇ ಕಾರಿನ ಮೈಗೆ ಕೊಟ್ಟಿರುವ ಕಾರಾದರೆ ಮೊದಲು ವಿಚಾರಿಸಿ. ಫಿಲಮೆಂಟಿಗೆ ಪ್ಲಸ್ಸು ಮೈನಸ್ಸು ಎರಡೂ ಒಂದೇ, ಎಲ್‌ಇಡಿಗೆ ಹಾಗಲ್ಲ. ನನಗೆ ಮಾತ್ರ ಆ ಗೀರುಗೀರಿನ ಗಾಜು ಬೇಕು. ಅದು ಹೋದರೆ ಕಾರಿನ ಕಣ್ಣೇ ಬದಲಾದ ಹಾಗೆ.

ಏನೇ ಹಾಕಿ, ಕೊನೆಗೆ ಗೋಡೆಯ ಮುಂದೆ ನಿಲ್ಲಿಸಿ ಗುರಿ ಕಟ್ಟಿ. ಸಮತಟ್ಟು ಜಾಗ, 10 ಮೀಟರ್ ದೂರ. ಲೈಟಿನ ನಡುಬಿಂದು ಎಷ್ಟು ಎತ್ತರದಲ್ಲಿದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಗೆರೆ ಎಳೆದು, ಡಿಪ್ ಬೆಳಕಿನ ಮೇಲಂಚು ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವ ಹಾಗೆ ಸ್ಕ್ರೂ ತಿರುಗಿಸಬೇಕು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ರಾತ್ರಿ ಸ್ವಿಚ್ ಹಾಕಿದಾಗ ಬಾನೆಟ್ಟಿನಡಿ ರಿಲೇ ಟಕ್ ಅಂತು, ಗೋಡೆಯ ಮೇಲೆ ಬೆಳಕು ಚಾಪೆ ಹಾಸಿದ ಹಾಗೆ ಬಿತ್ತು. ಗೆರೆಯ ಮೇಲೆ ಕತ್ತಲು, ಕೆಳಗೆ ಬೆಳಕು. ಹೆಂಡತಿಯನ್ನು ಮತ್ತೆ ಸೀಟಿನಲ್ಲಿ ಕೂರಿಸಿ ಮೂವತ್ತು ಹೆಜ್ಜೆ ಮುಂದೆ ಹೋಗಿ ತಿರುಗಿದೆ. ಎರಡು ದುಂಡು ದೀಪ, ಅವುಗಳ ನಡುವೆ ಗ್ರಿಲ್ಲು, ಗಾಜಿನ ಹಿಂದೆ ಅವಳು, ಎಲ್ಲ ಕಾಣುತ್ತಿತ್ತು.

ಗೆಳೆಯರು ಇಷ್ಟನ್ನೂ ಕೇಳಿಸಿಕೊಂಡರು. ಭಾನುವಾರ ಮೀಟರ್ ತಗೊಂಡು ಬರ್ತೀನಿ ಅಂದಿದ್ದೇನೆ. ತೆಗೆದ ಸೀಲ್ಡ್ ಬೀಮ್ ಎಸೆದುಬಿಟ್ಟಿರಾ ಅಂತ ಕೇಳಿದೆ. ಇಲ್ಲ, ಹಳೇ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಟ್ಟಿದ್ದಾರಂತೆ.