ಅಂಗಡಿ ಶಟರ್ ಮುಂದೆ ನನ್ನ ಶಟರ್

ನನ್ನ ಫೋನಿನಲ್ಲಿ ಮನುಷ್ಯರ ಫೋಟೋಗಿಂತ ಮುಚ್ಚಿದ ಅಂಗಡಿಗಳ ಫೋಟೋಗಳೇ ಜಾಸ್ತಿ. ಮನೆಯವರು ಇದನ್ನು ಹುಚ್ಚು ಅನ್ನುತ್ತಾರೆ. ಇರಬಹುದು.

ಬೆಂಗಳೂರಿನ ಹಳೇ ಪೇಟೆಯಲ್ಲಿ ದೊಡ್ಡಪೇಟೆ, ಅಂದ್ರೆ ಈಗಿನ ಅವೆನ್ಯೂ ರಸ್ತೆ, ಉತ್ತರ-ದಕ್ಷಿಣ. ಚಿಕ್ಕಪೇಟೆ ಪೂರ್ವ-ಪಶ್ಚಿಮ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಚಿಕ್ಕಪೇಟೆಯ ಶಟರ್‌ಗಳನ್ನು ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಬೇರೆ ಹೊತ್ತಿನಲ್ಲಿ ಚಪ್ಪಟೆ ಕಾಣುವ ತಗಡಿನಲ್ಲಿ ಪಟ್ಟಿಗಳ ಉಬ್ಬು, ಲಗೇಜ್ ಆಟೋ ಗುದ್ದಿದ ತಗ್ಗು, ಎಲ್ಲಾ ಎದ್ದು ಕಾಣುತ್ತವೆ.

ಮೊನ್ನೆ ಒಂದು ಮಾಸಿದ ನೀಲಿ ಶಟರ್ ಸಿಕ್ಕಿತು. ಅಡ್ಡಡ್ಡ ಪಟ್ಟಿಗಳು. ಅವುಗಳ ಮೇಲೆ ಕರೆಂಟು ವೈರಿನ ನೆರಳು ಓರೆಯಾಗಿ ಇಳಿದಿತ್ತು. ಕೆಳಗೆ ಎರಡೂ ಕಡೆ ಬೀಗ. ಮೊದಲು ನಟ್ಟನಡುವೆ ನಿಂತು ಎರಡೂ ಬೀಗ ಬರೋ ಹಾಗೆ ತೆಗೆದೆ. ಪಾಸ್‌ಪೋರ್ಟ್ ಫೋಟೋ ಥರ ಬಂತು. ಎಲ್ಲಾ ಸಮ, ಕಣ್ಣಿಗೆ ಮಾತ್ರ ಕೆಲಸವೇ ಇಲ್ಲ. ಎರಡು ಹೆಜ್ಜೆ ಬಲಕ್ಕೆ ಸರಿದು ಎಡಗಡೆಯ ಬೀಗ ಬಿಟ್ಟೆ. ಈಗ ನೆರಳು ಮೇಲಿನ ಎಡಮೂಲೆಯಿಂದ ಜಾರಿ ಬಂದು ಬಲಗಡೆಯ ಬೀಗದ ಹತ್ತಿರ ನಿಂತಿತು. ಅಷ್ಟಗಲ ತಗಡಿಗೆ ಆ ಪುಟ್ಟ ಹಿತ್ತಾಳೆ ಬೀಗ ಸಾಟಿಯಾಯಿತು. ತಕ್ಕಡಿಯಲ್ಲಿ ಈ ಕಡೆ ಹತ್ತಿ ರಾಶಿ, ಆ ಕಡೆ ಚಿಕ್ಕ ತೂಕದ ಕಲ್ಲು ಇಟ್ಟ ಹಾಗೆ.

ಪಕ್ಕದ ಅಂಗಡಿಯವರು ಹತ್ತಿರ ಬಂದರು. "ಏನ್ ಸಾರ್, ಟ್ಯಾಕ್ಸ್ ಕಡೆಯವರಾ?"

"ಅಯ್ಯೋ ಇಲ್ಲ ಸಾರ್, ಸುಮ್ನೆ."

ನಂಬಿದ ಹಾಗೆ ಕಾಣಲಿಲ್ಲ.

ಒಂದು ಕೆಲಸದ ಮಾತು. ಫೋನ್ ಚೂರು ವಾಲಿದರೂ ಪಟ್ಟಿಗಳು ಜಾರಿ ಬೀಳುವ ಹಾಗೆ ಕಾಣುತ್ತವೆ. ಕ್ಯಾಮೆರಾದಲ್ಲಿ ಗ್ರಿಡ್, ಅಂದ್ರೆ ಪರದೆ ಮೇಲಿನ ಅಡ್ಡ-ಉದ್ದ ಗೆರೆಗಳನ್ನು ಆನ್ ಮಾಡಿಕೊಳ್ಳಿ. ವೈಡ್ ಲೆನ್ಸ್ ಬೇಡ, ಅಂಚಿನ ಗೆರೆಗಳು ಬಾಗುತ್ತವೆ. ಓರೆ ಬೇಕಿದ್ದರೆ ಧೈರ್ಯವಾಗಿ ಓರೆ ಮಾಡಿ. ಅರ್ಧಂಬರ್ಧ ಓರೆ ಕೈತಪ್ಪಿನ ಹಾಗೆ ಕಾಣುತ್ತದೆ.

ಗೆರೆ, ನೆರಳು ಅಂದ ಕೂಡಲೇ ಎಲ್ಲರೂ ಬನ್ನೇರುಘಟ್ಟ ರಸ್ತೆಯ ಐಐಎಂ ನೆನೆಯುತ್ತಾರೆ. ಒರಟು ಕಲ್ಲಿನ ಗೋಡೆ, ಮೇಲೆ ಸಾಲು ತೊಲೆ. ಚೆಂದವೇ. ಆದರೆ ಅಲ್ಲಿ ಅರ್ಧ ಕಂಪೋಸಿಷನ್, ಅಂದ್ರೆ ಫೋಟೋದೊಳಗಿನ ಜೋಡಣೆ, ಅದರ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರೇ ಮಾಡಿಟ್ಟಿದ್ದಾರೆ, ಅಲ್ವಾ? ಚಿಕ್ಕಪೇಟೆಯಲ್ಲಿ ನಾವೇ ಹುಡುಕಬೇಕು.

ನೀಲಿ ಶಟರ್ ಮೇಲೆ ಅಚ್ಚು ಹೊಡೆದ 'ಶಟರ್ ರಿಪೇರಿ' ಅನ್ನೋ ಬರಹ ಇತ್ತು. ಅದರ ಫೋನ್ ನಂಬರಿನ ಕೊನೆಯ ಎರಡು ಅಂಕಿ ಕಿತ್ತು ಹೋಗಿವೆ. ಫೋಟೋ ನೋಡಿದ ಗೆಳೆಯ, "ಅದನ್ನ ಅಳಿಸಿಬಿಡು, ಕ್ಲೀನ್ ಆಗುತ್ತೆ" ಅಂದ. ಅಳಿಸಿ ನೋಡಿದೆ. ಪಟ್ಟಿಗಳು ನೆಟ್ಟಗೆ ಕಂಡವು. ಆದರೆ ನನ್ನ ಚಿಕ್ಕಪೇಟೆ ಹೋಗಿ ಟೈಲ್ಸ್ ಕ್ಯಾಟಲಾಗ್ ಆಗಿಬಿಟ್ಟಿತು. ವಾಪಸ್ ತಂದೆ.